ಗೆರೆಯ ಮೊದಲ ತಗ್ಗು

ನೀರಿನಲ್ಲಿ ಕರಗಿದ ಲವಣಗಳನ್ನು ಒಂದೊಂದಾಗಿ ಬೇರ್ಪಡಿಸುವ ಕೊಳವೆಯೊಂದು ಪ್ರಯೋಗಾಲಯದ ಯಂತ್ರದಲ್ಲಿತ್ತು. ಒಂದು ದಿನ ಅದರ ಬಾಯಿಗೆ ಬಣ್ಣದ ಕಾರ್ಖಾನೆಯ ಮೋರಿಯಿಂದ ಒಂದು ಹನಿ ಬಂತು.

"ಅಯ್ಯಾ, ನನ್ನ ಊರು ಮೋರಿಯಲ್ಲ. ನಾನು ಕೆರೆಯ ನೀರು. ಎಮ್ಮೆಗಳು ಕತ್ತಿನವರೆಗೆ ನನ್ನಲ್ಲಿ ಮುಳುಗಿ ಕಣ್ಣು ಮುಚ್ಚುತ್ತಿದ್ದವು. ಹೆಂಗಸರು ಬಿಂದಿಗೆ ಅದ್ದುವ ಮೊದಲು ನನ್ನ ಮೇಲಿನ ಎಲೆ ಸರಿಸುತ್ತಿದ್ದರು. ಅದನ್ನೂ ವರದಿಯಲ್ಲಿ ಬರೆಸು," ಎಂದಿತು ಹನಿ.

"ಇಲ್ಲಿಗೆ ಬಂದವರೆಲ್ಲ ಹಳೆಯ ಊರಿನ ಮಾತೇ ಆಡುತ್ತಾರೆ. ಒಳಗೆ ನಡೆ," ಎಂದಿತು ಕೊಳವೆ.

ಹನಿ ನಡೆಯಿತು. ಕೊಳವೆ ಲವಣಗಳನ್ನು ತಡೆದು, ಒಂದೊಂದನ್ನೂ ಅದರದರ ಹೊತ್ತಿಗೆ ಬಿಟ್ಟಿತು. ಯಂತ್ರದ ಪರದೆಯ ಮೇಲೆ ಓಡುತ್ತಿದ್ದ ಗೆರೆಯಲ್ಲಿ ಕ್ಲೋರೈಡಿನ ಗುಡ್ಡ ಎದ್ದಿತು, ನೈಟ್ರೇಟಿನದು ಎದ್ದಿತು, ಕೊನೆಗೆ ಸಲ್ಫೇಟಿನ ಬೆಟ್ಟ.

"ಇದರಲ್ಲಿ ನಾನೆಲ್ಲಿ?"

"ಗುಡ್ಡಗಳಿಗೆ ಮುಂಚೆ ಗೆರೆ ಒಂದಿಷ್ಟು ತಗ್ಗಿದೆ, ನೋಡು. ಅದು ನೀನು. ನೀರನ್ನು ನಾನು ತಡೆಯುವುದಿಲ್ಲ. ಅದು ಎಲ್ಲರಿಗಿಂತ ಮೊದಲು ದಾಟುತ್ತದೆ."

"ಹಾಗಾದರೆ ನಾನಿನ್ನೂ ಇದ್ದೇನೆ!" ಹನಿ ಹಿಗ್ಗಿತು.

ಅಷ್ಟರಲ್ಲಿ, ವರದಿಗಾಗಿ ಬಂದಿದ್ದ ಕಾರ್ಖಾನೆಯ ಮ್ಯಾನೇಜರ್ ಪರದೆಯತ್ತ ಬೆರಳು ತೋರಿಸಿ, "ಶುರುವಿನಲ್ಲಿ ಇದೇನು ತಗ್ಗು, ಮೇಡಂ?" ಎಂದರು.

"ಅದಾ? ಅದೇನೂ ಇಲ್ಲ, ಬರೀ ನೀರು," ಎಂದು ಪರೀಕ್ಷಕಿ ತುಂಗಮ್ಮ ವರದಿಗೆ ಸಹಿ ಹಾಕಿದರು.