ಸುಣ್ಣದ ಬಣ್ಣದ ಪೀಠ

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಹೊನ್ನಾಂಬಿಕೆಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಪೀಠದಲ್ಲಿ ಸರಿಪಾಲು. ಒಂದು ತಪ್ಪಿದರೂ ಸೆರೆಮನೆ, ಯುಗಾದಿ ಕಳೆದ ಬೆಳಗ್ಗೆ ತಲೆದಂಡ. ಯಾರು ಬೇಕಾದರೂ ಬರಬಹುದು!"

ಕೆಂಪುಗಲ್ಲು ಸಂಸ್ಥಾನದ ತುಂಬ ಈ ಡಂಗುರ ಮೊಳಗಿತು. ತಲೆ ಹೋಗುತ್ತದೆಂದು ಕೇಳಿಯೂ ಜನ ಸಾಲುಗಟ್ಟಿ ಬಂದರು. ಪೀಠದ ಆಸೆಯ ಮುಂದೆ ಕುತ್ತಿಗೆಯ ನೆನಪು ಯಾರಿಗಿರುತ್ತದೆ?

ಆ ಪೀಠವೇನೂ ಚಿನ್ನದ್ದಲ್ಲ. ಇಬ್ಬರು ಕೂರುವಂಥ ಸಾಗುವಾನಿಯ ಪೀಠ, ಅದಕ್ಕೆ ಸೀಮೆಸುಣ್ಣದ ಪುಡಿ ಕಲಸಿದ ತಿಳಿನೀಲಿ ಬಣ್ಣ. ಇಂಥ ಬಣ್ಣವನ್ನು ಹಾಗೇ ಬಿಟ್ಟರೆ ಬಟ್ಟೆಗೆ ಹತ್ತುತ್ತದೆ, ಹನಿ ನೀರು ಬಿದ್ದರೂ ಕಲೆ ಕೂರುತ್ತದೆ. ಅದಕ್ಕೇ ಮೇಲೆ ಜೇನುಮೇಣವನ್ನೋ ಅರಗಿನ ಮೆರುಗನ್ನೋ ಹಚ್ಚುತ್ತಾರೆ. ಪಟ್ಟಕ್ಕೆ ಬರುವವರು ಹಳೆಯದನ್ನು ಕೆರೆದು, ಕೈಯಾರೆ ಹೊಸ ಮೆರುಗು ಕೊಟ್ಟು ಕೂರಬೇಕೆಂಬುದು ಅಲ್ಲಿನ ಕಟ್ಟಳೆ. ಅರಸ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಹೊನ್ನಾಂಬಿಕೆ ಪೀಠ ಏರಿರಲಿಲ್ಲ. ಅದರ ಮೇಲೆ ರೇಷ್ಮೆ ಹೊದಿಸಿ, ಪಕ್ಕದಲ್ಲಿ ಚಾಪೆ ಹಾಸಿ ಕೂರುತ್ತಿದ್ದಳು.

ಒಗಟು ಬಿಡಿಸಲು ಹೋದವರಲ್ಲಿ ಅರಗಿನ ಕೆಲಸದ ನಿಂಗಣ್ಣನೂ ಒಬ್ಬ. ಎರಡು ಬಿಡಿಸಿದ, ಮೂರನೆಯದಕ್ಕೆ ಎಡವಿದ. ಸುದ್ದಿ ತಿಳಿದಾಗ ಅವನ ತಮ್ಮ ದ್ಯಾವ ಕಾಡಿನಲ್ಲಿ ಜೇನು ಕೀಳುತ್ತಿದ್ದ. ತಂದೆಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವನು ಆ ಅಣ್ಣ. ಯುಗಾದಿ ಹೊಸ್ತಿಲಲ್ಲಿತ್ತು. ಜೇನಿನ ಅಂಟು ಕೈಯಲ್ಲಿ, ಮೇಣದ ಚೀಲ ಹೆಗಲಲ್ಲಿ ಇರುವಾಗಲೇ ಅರಮನೆಯ ದಾರಿ ಹಿಡಿದ.

ಅವನು ಒಳಗೆ ಬಂದಾಗ ನೆರೆರಾಜ್ಯದ ರಾಜಕುಮಾರ ನಿಂತಿದ್ದ. ಹೊನ್ನಾಂಬಿಕೆ ಮೊದಲ ಒಗಟು ಒಡ್ಡಿದಳು. "ಹೆಚ್ಚು ಕೊಟ್ಟರೆ ಮಂಕಾಗುತ್ತದೆ. ಕೊಟ್ಟದ್ದನ್ನು ಒರೆಸಿ ತೆಗೆದರೆ ಬೆಳಗುತ್ತದೆ. ಏನದು?"

"ದೀಪದ ಎಣ್ಣೆ," ಎಂದ ರಾಜಕುಮಾರ. ಭಟರು ಅವನನ್ನು ಕರೆದೊಯ್ದರು. ಆಮೇಲೆ ಬಂದ ವರ್ತಕನ ಮಗ ಮೊದಲನೆಯದನ್ನು ಹೇಗೋ ದಾಟಿದ, ಎರಡನೆಯದಕ್ಕೆ "ಸೂರ್ಯ, ಚಂದ್ರ" ಎಂದು ಅವನೂ ಸೆರೆಮನೆ ಸೇರಿದ.

ದ್ಯಾವ ಮುಂದೆ ಬಂದ. "ದೊರೆಸಾನಿಯವರ, ನನಗ ಪೀಠ ಗೀಠ ಬ್ಯಾಡ. ಗೆದ್ರ ನಮ್ಮಣ್ಣನ್ನ ಬಿಡ್ತೀರೇನ್ರಿ?"

"ಮೊದಲು ಗೆಲ್ಲು," ಎಂದಳು ಹೊನ್ನಾಂಬಿಕೆ.

ಮೊದಲ ಒಗಟಿಗೆ ಅವನು ತಡವರಿಸಲಿಲ್ಲ. "ಅದು ಜೇನುಮೇಣ ರೀ. ದಪ್ಪಗ ಮೆತ್ತಿದ್ರ ಅಂಟಂಟ ಆಗಿ ಧೂಳ ಹಿಡೀತದ. ತೆಳ್ಳಗ ಹಚ್ಚಿ, ಹೆಚ್ಚಿಂದು ಒರಸಿ, ಆರಿದ ಮ್ಯಾಗ ಬಟ್ಟಿಲೆ ತಿಕ್ಕಿದ್ರ ಬೆಳಗತದ."

"ಇಬ್ಬರು ಒಂದೇ ಮೈಯನ್ನು ಕಾಯುತ್ತಾರೆ. ಮೆತ್ತನೆಯವನು ಗಟ್ಟಿಗನ ಹೆಗಲೇರಿದರೆ ನಿಲ್ಲುತ್ತಾನೆ. ಗಟ್ಟಿಗ ಮೆತ್ತನೆಯವನ ಹೆಗಲೇರಿದರೆ ಜಾರಿ ಬೀಳುತ್ತಾನೆ. ಯಾರವರು?" ಎಂದು ಅವಳು ಎರಡನೆಯದನ್ನು ಒಡ್ಡಿದಳು.

"ಮೇಣ, ಅರಗು. ಅರಗಿನ ಮ್ಯಾಗ ಮೇಣ ನಿಲ್ಲತದ. ಮೇಣದ ಮ್ಯಾಗ ಅರಗು ನಿಲ್ಲಂಗಿಲ್ರಿ, ಸಿಪ್ಪಿ ಎದ್ದಂಗ ಎದ್ದು ಉದುರತದ."

ಮೂರನೆಯದನ್ನು ಹೇಳುವಾಗ ರಾಜಕುಮಾರಿಯ ದನಿ ಸಣ್ಣಗಾಯಿತು. "ಕೂತವರು ಎದ್ದು ಹೋದರು, ಅವರ ಕೈ ಅಲ್ಲೇ ಉಳಿದಿದೆ. ಮುಚ್ಚಿಟ್ಟರೆ ಅಳಿಯುತ್ತದೆ, ದಿನವೂ ಮುಟ್ಟಿದರೆ ಉಳಿಯುತ್ತದೆ. ಏನದು?"

ಇದಕ್ಕೇ ನಿಂಗಣ್ಣ "ನೆನಪು" ಎಂದು ಕೆಟ್ಟಿದ್ದ. ದ್ಯಾವನಿಗೆ ಅಣ್ಣನ ಮುಖ ಕಣ್ಣಮುಂದೆ ಬಂತು, ಅದರ ಹಿಂದೆಯೇ ಅವ್ವನ ಮಣೆ. ಅವ್ವ ಸತ್ತಾಗ, ಮಣೆ ಬಹುಕಾಲ ಬಾಳಲಿ ಎಂದು ನಿಂಗಣ್ಣ ಮೇಣದ ಮೇಲೆಯೇ ಅರಗು ಬಳಿದಿದ್ದ. ಅದು ಉದುರಿದಾಗ ಎಲ್ಲವನ್ನೂ ಜಿಡ್ಡೆಂದು ಬರಿ ಮರ ಕಾಣುವವರೆಗೆ ಕೆರೆದ. ಅವ್ವ ಏಳುವಾಗ ಕೈಯೂರಿ ಏಳುತ್ತಿದ್ದ ಅಂಚಿನಲ್ಲಿ ಒಂದು ಹೊಳಪಿತ್ತು, ಅದೂ ಹೋಯಿತು. ಅಂದು ದ್ಯಾವ ಬಿಕ್ಕಿ ಬಿಕ್ಕಿ ಅತ್ತಿದ್ದ. ಯಾಕೆಂದು ಅಣ್ಣನಿಗೆ ತಿಳಿಯಲೇ ಇಲ್ಲ.

ದ್ಯಾವ ರೇಷ್ಮೆ ಹೊದ್ದ ಪೀಠ ನೋಡಿದ, ಅದರ ಪಕ್ಕದ ಚಾಪೆಯನ್ನೂ ನೋಡಿದ.

"ಕೈಯಿಂದ ಬಂದ ಹೊಳಪು ರೀ. ನಿಮ್ಮ ಅಪ್ಪಾರು ಕೈ ಇಡತಿದ್ದ ಜಾಗದಾಗ ಮೇಣ ತಿಕ್ಕಿ ತಿಕ್ಕಿ ಬೆಳಗಿರತದ. ಹೊದಿಸಿಟ್ರ ಮಂಕಾಗತದ. ಯಾರರ ಕೂತು ದಿನಾ ಕೈ ಇಟ್ರ ಮಾತ್ರ ಉಳೀತದ."

ಹೊನ್ನಾಂಬಿಕೆ ತಾನೇ ರೇಷ್ಮೆ ಸರಿಸಿದಳು. ಪೀಠದ ಬಲಗಡೆಯ ತೋಳಿನ ಮೇಲೆ ಅಂಗೈ ಅಗಲದ ಹೊಳಪು ಮಸುಕಾಗಿ ಕಾಣಿಸಿತು. ಎಡಗಡೆಯ ತೋಳು ಮೊದಲಿಂದಲೂ ಮಂಕು. ರಾಣಿ ಬಾಣಂತಿತನದಲ್ಲೇ ತೀರಿಕೊಂಡಿದ್ದರಿಂದ ಅಲ್ಲಿ ಕೈಯಿಡುವವರಿರಲಿಲ್ಲ.

"ಹಾಗಾದರೆ ಕಟ್ಟಳೆ? ಕೆರೆದರೆ ಈ ಹೊಳಪೂ ಹೋಗುತ್ತದೆ, ಕೆರೆಯದೆ ಕೂರುವುದು ಹೇಗೆ?" ದಿವಾನರು ಕೆಮ್ಮಿದರು.

"ಮೇಣದ ಮ್ಯಾಗ ಮೇಣ ಕೂಡತದಲ್ರೀ, ಬುದ್ಧಿ. ಒಂದ್ ಕೈ ಹೊಸಾದು ತಿಕ್ಕಿದ್ರ ಮುಗೀತು. ಕೆರಿಯೂ ಮಾತ್ಯಾಕ?"

ಹೊನ್ನಾಂಬಿಕೆ ಸಭೆ ಎಂದೂ ನೋಡದೆ ಗಳಗಳನೆ ಅತ್ತಳು. ಅತ್ತು ಮುಗಿಸಿ, ಅವನ ಚೀಲದ ಮೇಣವನ್ನೇ ಇಸಿದುಕೊಂಡು ಪೀಠಕ್ಕೆ ತಿಕ್ಕಿದಳು. ಆರಿದ ಮೇಲೆ ಒರೆಸಿ, ಬಲಗಡೆ ಕೂತು ಅಪ್ಪನ ಹೊಳಪಿನ ಮೇಲೆ ಕೈಯಿಟ್ಟಳು. ಪೀಠದಿಂದ ಕೊಟ್ಟ ಮೊದಲ ಅಪ್ಪಣೆ ಸೆರೆಮನೆಯ ಬಾಗಿಲು ತೆರೆಯಲು. ನಿಂಗಣ್ಣನ ಜೊತೆ ದೀಪದ ಎಣ್ಣೆಯ ರಾಜಕುಮಾರನೂ ತಲೆ ಉಳಿಸಿಕೊಂಡು ಹೊರಬಂದ. ಅಣ್ಣತಮ್ಮಂದಿರು ತಬ್ಬಿಕೊಂಡರು.

ದ್ಯಾವ ಹೊರಟು ನಿಂತ. "ಒಗಟು ಬಿಡಿಸಿದ್ದೀಯ, ಎಲ್ಲಿಗೆ ಹೊರಟೆ?" ಎಂದಳು ಹೊನ್ನಾಂಬಿಕೆ.

ಆ ಪೀಠ ಕೆಂಪುಗಲ್ಲಿನಲ್ಲಿ ಈಗಲೂ ಇದೆಯಂತೆ. ಅದರ ಎಡಗಡೆಯ ತೋಳೂ ಬಲದಷ್ಟೇ ಹೊಳೆಯುತ್ತದೆ.