ದನಕ್ಕೆ ಮೊದಲು ನೀರು

ತಬಿತವ್ವ ಒಬ್ಬಂಟಿ ವಿಧವೆ. ಅವಳಿಗೆ ಇದ್ದದ್ದು ನಾಲ್ಕು ಆಡು, ಕ್ರೈಸ್ತ ದೇವಾಲಯದ ಪಕ್ಕದ ತುಂಡು ಜಾಗ, ಅದರಲ್ಲೊಂದು ಸಿಹಿನೀರಿನ ಬಾವಿ. ಕೇರಿಯವರೆಲ್ಲ ಅಲ್ಲೇ ನೀರು ಸೇದುತ್ತಿದ್ದರು. ಅವಳದು ಒಂದೇ ಕಟ್ಟಳೆ. ಮೊದಲ ಕೊಡ ಕಲ್ಲಿನ ತೊಟ್ಟಿಗೆ. ದನಕರು ಕುಡಿದ ಮೇಲೆಯೇ ಜನ.

“ಮನಷ್ಯಾಗ ಬಾಯಿ ಐತಿ, ಕೇಳಿ ಕುಡೀತಾನ. ದನ ಯಾರನ್ನ ಕೇಳಬೇಕು?” ಎನ್ನುತ್ತಿದ್ದಳು.

ಸಭೆಯ ಹಿರಿಯ ಯೋನಪ್ಪನಿಗೆ ಇದು ಹುಚ್ಚುತನವಾಗಿ ಕಾಣುತ್ತಿತ್ತು. ಅವನಿಗೆ ಆ ಜಾಗ ಬೇಕಿತ್ತು. ತನಗಲ್ಲವಂತೆ, ದೇವಾಲಯ ದೊಡ್ಡದು ಮಾಡಲಿಕ್ಕಂತೆ! ತಬಿತವ್ವ ಒಪ್ಪಲಿಲ್ಲ. ಮಧ್ಯಾಹ್ನ ಉಂಡು ಹಾಸಿಗೆಯಲ್ಲಿ ಉರುಳಿದಾಗಲೆಲ್ಲ ಯೋನಪ್ಪ ಅದನ್ನೇ ಯೋಚಿಸುತ್ತಿದ್ದ. ಮೊದಲ ಕೊಡದ ನೀರು ಕುಡಿದು ಆಡು ಸತ್ತರೆ ಅವಳು ಊರು ಬಿಡುತ್ತಾಳೆ. ಜನ ನೀರು ಮುಟ್ಟುವ ಮೊದಲೇ ನಾನು ಕೂಗಿ ಹೇಳಿದರಾಯಿತು. ದೇವರ ಕೆಲಸಕ್ಕೆ ನಾಲ್ಕು ಆಡು ಹೆಚ್ಚೇ? ಹೀಗೆ ತನ್ನನ್ನು ತಾನೇ ಒಪ್ಪಿಸಿಕೊಂಡು ನೆಮ್ಮದಿಯಾಗಿ ನಿದ್ದೆ ಹೋದ.

ಭಾನುವಾರ ಎಲ್ಲರೂ ಒಳಗೆ ಮೊದಲ ಹಾಡು ಹಾಡುವಾಗ, ಅವನು ಹತ್ತಿಗೆ ಹೊಡೆಯುವ ವಿಷದೆಣ್ಣೆಯನ್ನು ಡಬ್ಬಿಗಟ್ಟಲೆ ಬಾವಿಗೆ ಸುರಿದ. ಕೈಗೆ ಬೂದಿ ತಿಕ್ಕಿ ತೊಳೆದುಕೊಂಡ. ಒಳಗೆ ಬಂದು ಎಂದಿನಂತೆ ಕೀರ್ತನೆ ಓದಿದ. ದೇವರ ಪ್ರೀತಿ ಆಕಾಶ ಮುಟ್ಟುತ್ತದೆ, ಆತ ಮನುಷ್ಯರನ್ನೂ ಪಶುಗಳನ್ನೂ ಕಾಯುತ್ತಾನೆ ಎನ್ನುವ ಕೀರ್ತನೆ. ಅವನ ದನಿ ನಡುಗಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಆರಾಧನೆ ಮುಗಿಯಿತು. ಓದು ಚೆನ್ನಾಗಿತ್ತೆಂದು ಜನ ಬಾಗಿಲಲ್ಲೇ ಅವನನ್ನು ಸುತ್ತಿಕೊಂಡರು. ಹೊಗಳಿಕೆಯ ರುಚಿಯಲ್ಲಿ ಕೂಗಿ ಹೇಳುವುದು ಮರೆತೇಹೋಯಿತು.

ಬಾವಿಕಟ್ಟೆಯಲ್ಲಿ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಯೋನಪ್ಪನ ತುಂಬು ಬಸುರಿ ಸೊಸೆ ಸುವಾರ್ತಾ ಬಾಯಾರಿ ಬೊಗಸೆ ಒಡ್ಡಿದಳು.

“ತಡಿ ಮಗಳ, ಮೊದ್ಲು ಅವು ಕುಡೀಲಿ,” ಎಂದು ತಬಿತವ್ವ ನೀರನ್ನು ತೊಟ್ಟಿಗೆ ಸುರಿದಳು.

ಅವಳ ಆಡುಗಳು ಇನ್ನೂ ಹಟ್ಟಿಯಲ್ಲಿದ್ದವು. ನೀರಿಗೆಂದು ಆಳು ಗಾಡಿಯಿಂದ ಆಗಷ್ಟೇ ಬಿಚ್ಚಿದ ಯೋನಪ್ಪನ ಜೋಡೆತ್ತು ಬಂದು ಬಾಯಿ ಹಾಕಿದವು. ಹೊಟ್ಟೆ ತುಂಬ ಕುಡಿದವು. ಜನರ ಸರದಿ ಬರುವ ಮೊದಲೇ ಕಾಲು ಸೋತು, ಬಾಯಲ್ಲಿ ನೊರೆ ಬಂದು, ಒಂದರ ಮೇಲೊಂದು ಬಿದ್ದವು. ಹೆಂಗಸರು ಚೀರಿ ಕೊಡ ಬಿಸಾಡಿದರು. ಯಾರೋ ತೊಟ್ಟಿಗೆ ಬಗ್ಗಿ ಮೂಸಿ, “ಹತ್ತಿಗೆ ಹೊಡಿಯೋ ಎಣ್ಣಿ!” ಎಂದರು.

ಯೋನಪ್ಪ ಓಡಿ ಬಂದ. ಸತ್ತ ಎತ್ತು ನೋಡಿದ. ಸೊಸೆಯ ಒಣ ತುಟಿ ನೋಡಿದ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟ, ಆದರೆ ಹೇಳಿದ್ದು ಬೇರೆ.

“ಈಕಿನೇ ಹಾಕ್ಯಾಳ! ಜಾಗಾ ಕೇಳಿದ್ದಕ್ಕ ನನ್ನ ಮ್ಯಾಲ ಹಗಿ ಸಾಧಿಸ್ಯಾಳ!”

ಹಿರಿಯನ ಮಾತು. ಜನ ನಂಬಿದರು. ಬಾವಿಗೆ ಕಲ್ಲು ತುಂಬಿ ಇವಳನ್ನು ಕೇರಿಯಿಂದ ಅಟ್ಟಿ ಎಂದು ಕೂಗಾಡಿದರು. ತಬಿತವ್ವ ಅಳುತ್ತಲೇ ಒಳಗೆ ಹೋಗಿ, ನಿನ್ನೆ ಸೇದಿಟ್ಟ ನೀರನ್ನು ತಂಬಿಗೆಯಲ್ಲಿ ತಂದು ಯೋನಪ್ಪನ ಮುಂದೆ ಹಿಡಿದಳು.

“ಇದು ನಿನ್ನಿ ನೀರು ಹಿರ್ಯಾರ, ಚಲೋ ಐತಿ. ನನ್ನ ಕೈಲೆ ಕೊಟ್ರ ನಿಮ್ಮ ಸೊಸಿ ಅಂಜತಾಳ. ನೀವ ಕುಡಸ್ರಿ.” ಮೊದಲು ತಾನೊಂದು ಗುಟುಕು ಕುಡಿದು ತೋರಿಸಿದಳು.

ಯೋನಪ್ಪ ತಂಬಿಗೆ ಇಸಿದುಕೊಂಡು ಸೊಸೆಯ ಬಾಯಿಗೆ ಹಿಡಿದ. ಸುವಾರ್ತಾ ಥಟ್ಟನೆ ಮುಖ ತಿರುಗಿಸಿದಳು. ಮತ್ತೆ ಮೆಲ್ಲಗೆ ಅವನ ಬೆರಳು ಮೂಸಿದಳು.

“ಮಾವಾರ, ನಿಮ್ಮ ಕೈ ಯಾಕ ಎಣ್ಣಿ ನಾರತಾವು?”

ಜನ ಒಬ್ಬೊಬ್ಬರಾಗಿ ಬಂದು ಅವನ ಕೈ ಮೂಸಿದರು. ಯೋನಪ್ಪ ಎತ್ತುಗಳ ಪಕ್ಕದಲ್ಲೇ ಕುಸಿದ. ಎಬ್ಬಿಸಲು ಒಬ್ಬರೂ ಕೈ ಕೊಡಲಿಲ್ಲ. ಸುವಾರ್ತಾ ಆ ನೀರನ್ನು ತಬಿತವ್ವನ ಕೈಯಿಂದ ಕುಡಿದಳು.

ನೀತಿ: ತನ್ನನ್ನು ತಾನೇ ಮೆಚ್ಚಿಕೊಳ್ಳುವವನಿಗೆ ತನ್ನ ಪಾಪ ಕಾಣುವುದಿಲ್ಲ. ದೇವರ ಪ್ರೀತಿ ಕೇಡಿಗನ ಮನೆಯವರನ್ನೂ ಕಾಯುತ್ತದೆ. ಆದರೆ ಅವನ ಕೈಗೆ ಅಂಟಿದ ವಾಸನೆಯನ್ನು ಮುಚ್ಚಿಡುವುದಿಲ್ಲ.