ಎರಡು ಸಲ ಒತ್ತಿ, ಹತ್ತು ಎಣಿಸಿ

"ಗುರುಗಳೇ, ಅಡುಗೆಮನೆಯನ್ನು ಚೆನ್ನಮಲ್ಲನಿಗೆ ಒಪ್ಪಿಸಿ ನಾಲ್ಕು ತಿಂಗಳಾಯಿತು. ಆದರೂ ಸಾರಿನ ಹೊತ್ತಿಗೆ ದಿನಾ ನನ್ನನ್ನೇ ಕರೆಯುತ್ತಾನೆ. ಅವನಿಗೆ ಯಾಕೆ ಕೈ ಕುದುರುತ್ತಿಲ್ಲ?" ಎಂದು ಮಠದ ಹಳೆಯ ಅಡುಗೆಯವನಾದ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಮೆಕ್ಯಾನಿಕ್ ಇದ್ದ. ಅವನಿಗೆ ಅಮೆರಿಕದ ಹಳೆಯ ಕಾರೊಂದು ಸಿಕ್ಕಿತು. ಎರಡೇ ಬಾಗಿಲು, ಎಂಟು ಸಿಲಿಂಡರಿನ ಆನೆಬಲದ ಎಂಜಿನ್. ಸಿಕ್ಕಾಗ ಅದರ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ಒಂಬತ್ತು ವರ್ಷ ಹಟ ಹಿಡಿದು ಅದನ್ನು ಹೊಸದರಂತೆ ಮಾಡಿದ. ತನ್ನ ಕಣ್ಣು ಮಂಜಾಗುತ್ತ ಬಂದಾಗ, ಓಡಿಸುವವರ ಕೈಯಲ್ಲಾದರೂ ಬಾಳಲಿ ಎಂದು ಮಾರಲು ಮನಸ್ಸು ಮಾಡಿದ.

ದೂರದೂರಿನ ವರ್ತಕನೊಬ್ಬ ಬಂದು, ಕಂಡ ಕೂಡಲೇ ಮನಸೋತ. ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆಯಾಯಿತು. ಯಾವ ಆಯಿಲ್, ಎಷ್ಟು ಗಾಳಿ, ಎಲ್ಲವನ್ನೂ ಮೆಕ್ಯಾನಿಕ್ ಬಿಡಿಸಿ ಹೇಳಿದ. ಒಂದನ್ನು ಮಾತ್ರ ಹೇಳಲಿಲ್ಲ. ತಣ್ಣಗಾದ ಮೇಲೆ ಆ ಎಂಜಿನ್ ಬರೀ ಕೀಲಿ ತಿರುಗಿಸಿದರೆ ಏಳುತ್ತಿರಲಿಲ್ಲ. ಮೊದಲು ಆಕ್ಸಿಲರೇಟರ್ ಪೆಡಲ್ ಎರಡು ಸಲ ಒತ್ತಿ, ಬಿಟ್ಟು, ಹತ್ತು ಎಣಿಸಬೇಕಿತ್ತು. ನಾನಿಲ್ಲದೆ ಇದು ಏಳುತ್ತದೆಯೇ, ನೋಡೇಬಿಡೋಣ ಎಂಬ ಕುತೂಹಲ ಅವನಿಗೆ. ಮರೆತೆ ಎಂದು ತನಗೆ ತಾನೇ ಹೇಳಿಕೊಂಡ.

ವಾರದಲ್ಲೇ, ಕಾರು ಏಳುತ್ತಿಲ್ಲವೆಂದು ವರ್ತಕನ ಕರೆ ಬಂತು. ಬಸ್ಸು ಹತ್ತಿ ಹೋದ. ಬಿಸಿನೀರು ತನ್ನಿ ಎಂದು ಮನೆಯವರನ್ನೆಲ್ಲ ಒಳಗೆ ಅಟ್ಟಿ, ಎರಡು ಸಲ ಒತ್ತಿ, ಹತ್ತು ಎಣಿಸಿ ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು.

"ಏನು ಕೈಗುಣ ರೀ ನಿಮ್ಮದು!" ಎಂದ ವರ್ತಕ. ಮೆಕ್ಯಾನಿಕ್ ಉಬ್ಬಿಹೋದ.

ಮತ್ತೆರಡು ಸಲ ಹೀಗೇ ಆಯಿತು. ಆಮೇಲೆ ಕರೆ ನಿಂತಿತು. ಗುಟ್ಟು ವರ್ತಕನಿಗೇ ಹೊಳೆಯಿತೇ? ವರ್ಷ ಕಳೆದರೂ ಮೆಕ್ಯಾನಿಕ್‌ನನ್ನು ಈ ಯೋಚನೆ ಬಿಡಲಿಲ್ಲ. ಕೊನೆಗೆ ತಡೆಯಲಾರದೆ ತಾನೇ ನೋಡಲು ಹೋದ. ಕಾರು ಹಿತ್ತಲಿನಲ್ಲಿತ್ತು. ಟಯರುಗಳು ಕುಸಿದಿದ್ದವು. ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು.

"ಅದು ನಿಮ್ಮ ಮಾತು ಬಿಟ್ಟರೆ ಇನ್ಯಾರ ಮಾತೂ ಕೇಳಲ್ಲ. ಅದರ ಸಹವಾಸವೇ ಬೇಡ ಅಂತ ಕೈಬಿಟ್ಟೆ," ಎಂದ ವರ್ತಕ.

 ಮೆಕ್ಯಾನಿಕ್ ಅಲ್ಲೇ ನಿಂತು ಗುಟ್ಟನ್ನು ಹೇಳಿದ. ಅಷ್ಟರಲ್ಲಾಗಲೇ ಎಂಜಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು; ಇನ್ನು ಏಳುವಂತಿರಲಿಲ್ಲ.

ಕತೆ ಕೇಳಿ ಶಿಷ್ಯನಿಗೆ ಸಿಟ್ಟು ಬಂತು. "ಎಂಥ ಮನುಷ್ಯ! ಆ ಒಂದು ಮಾತು ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?"

ಗುರುಗಳು ಕೇಳಿದರು: "ನಿನ್ನ ಸಾರಿನ ಪುಡಿಗೆ ಏನೇನು ಹುರಿದು ಹಾಕುತ್ತೀಯೆಂದು ಚೆನ್ನಮಲ್ಲನಿಗೆ ಹೇಳಿದ್ದೀಯೇನು?"